ಎರಡು ದಾಖಲೆಯ ಮನುಷ್ಯ

ಕೊಲ್ಲಿ ನಾಡಿನ ಖುರುಮ್ ಬಡಾವಣೆಯ ಆಫೀಸಿನಲ್ಲಿ ಸಂಕಪ್ಪನಿಗೆ ಬೆನ್ನ ಹಿಂದೆ ಕತ್ತರಿ ಎಂದೇ ಹೆಸರು. ಸುಮ್ಮನೆ ಬಂದದ್ದಲ್ಲ. ಬ್ರಿಟನ್ನಿನ, ಬೆಲ್ಜಿಯಮ್ಮಿನ ಸತ್ತುಹೋದ ಮಂತ್ರಿಗಳು, ಚಿತ್ರಗಾರರು, ಪಂಡಿತರು ಎಲ್ಲರ ಬದುಕನ್ನೂ ಒಂದೊಂದು ಪ್ಯಾರಾಕ್ಕೆ ಇಳಿಸಿ ದೊಡ್ಡ ಕೋಶವೊಂದನ್ನು ಸಿದ್ಧಮಾಡುವುದು ಆ ಆಫೀಸಿನ ಕೆಲಸ. ಬಂಟ್ವಾಳ ಕಡೆಯ ಸಂಕಪ್ಪ ಇಪ್ಪತ್ತಾರು ವರ್ಷ ಅಲ್ಲಿ ಕೂತು ಆ ದೊಡ್ಡವರ ಕೊಬ್ಬು ಇಳಿಸಿದ. ಒಂದು ಸಂಗತಿಗೆ ಎರಡು ದಾಖಲೆ ಬೇಕು, ಇಲ್ಲದಿದ್ದರೆ ಅದು ನಡೆದೇ ಇಲ್ಲ ಎಂಬುದು ಅವನ ಕಾನೂನು. ಬಾಯಿಮಾತು ನಡೆಯದು. ಹೆಂಡತಿ ಹೇಳಿದ್ದಂತೂ ಮೊದಲೇ ನಡೆಯದು. ಹೆಂಡತಿಯರು ಗಂಡನನ್ನು ಅಟ್ಟಕ್ಕೇರಿಸುತ್ತಾರೆ, ಇಲ್ಲವೇ ಹಾಳುಬಾವಿಗೆ ತಳ್ಳುತ್ತಾರೆ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದ. ಬ್ರಸೆಲ್ಸಿನ ಮಂತ್ರಿಯೊಬ್ಬ ಮಗು ಸತ್ತ ದಿನವೂ ಸಭೆಗೆ ಹೋಗಿ ಭಾಷಣ ಮಾಡಿದ್ದನ್ನು ಅವನ ಹೆಂಡತಿ ದಿನಚರಿಯಲ್ಲಿ ಬರೆದಿಟ್ಟಿದ್ದಳು. ಸಂಕಪ್ಪ ಮಗುವನ್ನು ತೆಗೆದ, ಭಾಷಣವನ್ನು ಉಳಿಸಿದ.

ಆಫೀಸಿನಲ್ಲೊಂದು ಪದ್ಧತಿ ಇತ್ತು. ಯಾರೇ ಕೆಲಸ ಮುಗಿಸಿ ಊರಿಗೆ ಹೊರಟರೂ, ಕೋಶದ ಅದೇ ಅಚ್ಚಿನಲ್ಲಿ ಅವರ ಬದುಕಿನ ಒಂದು ಪ್ಯಾರಾ ಬರೆದು ಫ್ರೇಮು ಹಾಕಿ ಕೊಡುವುದು. ಯಾರು ಬರೆದರೂ ಕೊನೆಯ ಕೈ ಸಂಕಪ್ಪನದು. ನಾಲ್ಕು ವರ್ಷದ ಹಿಂದೆ ಉಪ್ಪಿನಂಗಡಿಯ ಡ್ರೈವರ್ ಮೋನು ಹೊರಟಾಗ, ಆಗಿನ್ನೂ ಹೊಸಬಳಾಗಿದ್ದ ಅಕ್ಷಿತಾ ಹತ್ತು ಸಾಲು ಬರೆದು ತಂದಳು. ಗೋನು ಚಂಡಮಾರುತದ ದಿನ ಖುರುಮಿಗೆ ನೀರು ನುಗ್ಗಿದಾಗ ಎದೆಮಟ್ಟದ ನೀರಿನಲ್ಲಿ ಟಿಪ್ಪಣಿ ಕಾರ್ಡುಗಳ ಪೆಟ್ಟಿಗೆಗಳನ್ನು ತಲೆಮೇಲೆ ಹೊತ್ತು ಕೋಶವನ್ನು ಉಳಿಸಿದವನು ಮೋನು ಎಂದಿತ್ತು ಅದರಲ್ಲಿ.

"ಇದನ್ನು ಯಾರು ಬರೆದಿಟ್ಟಿದ್ದಾರೆ?" ಸಂಕಪ್ಪ ಕೇಳಿದ.

"ಯಾರೂ ಬರೆದಿಟ್ಟಿಲ್ಲ ಸರ್. ಮೋನು ಅವರೇ ಹೇಳಿದ್ದು. ನೀವೂ ನೋಡಿದ್ದೀರಂತೆ."

"ನಾನು ನೋಡಿದ್ದು ದಾಖಲೆಯಾ? ಬಾಯಿಮಾತು ಅದು. ತೆಗಿ."

ಅಕ್ಷಿತಾ ಆ ದಿನ ಟಾಯ್ಲೆಟ್ಟಿಗೆ ಹೋಗಿ ಅತ್ತು ಬಂದಳು, ಬಂದು ತೆಗೆದಳು. ಫ್ರೇಮಿನಲ್ಲಿ ಉಳಿದದ್ದು 'ಮೋನು. ಚಾಲಕ. 1999–2020' ಇಷ್ಟೇ. ಮೋನುವಿಗೆ ಓದು ಬರಹ ಬಾರದು. ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇಷ್ಟು ಚಿಕ್ಕದಾ?" ಎಂದು ಕೇಳಿದ.

ಈಗ ಅರವತ್ತು ತುಂಬಿ ಸಂಕಪ್ಪನದೇ ಸರದಿ ಬಂತು. ಅವನ ಕುರ್ಚಿ ಅಕ್ಷಿತಾಳಿಗೆ ಹೋಗಿತ್ತು, ಅವನ ಪ್ಯಾರಾ ಬರೆಯುವವಳೂ ಅವಳೇ. ಅವನಿಗೆ ಬೇಕಾದದ್ದು ಒಂದೇ ಒಂದು ಸಾಲು. ಹದಿಮೂರು ವರ್ಷದ ಹಿಂದೆ ಅವನೊಂದು ಸಂಗತಿ ಕಂಡುಹಿಡಿದಿದ್ದ. ಕೋಶದಲ್ಲಿ ಬ್ರೂಗ್ಸ್ ಊರಿನ ಒಬ್ಬ ಚಿತ್ರಗಾರ, ಕಡಲಲ್ಲಿ ಮುಳುಗಿ ಸತ್ತನೆಂದು ದಾಖಲಾದವನು. ಲಂಡನ್ನಿನ ಒಬ್ಬ ಚಿತ್ರಗಾರ, ಮುಪ್ಪಿನವರೆಗೆ ಬಾಳಿದವನು. ಇಬ್ಬರಿಗೂ ಎಡಗೈಯಲ್ಲಿ ಎರಡು ಬೆರಳಿಲ್ಲ, ಇಬ್ಬರ ತಮ್ಮನೂ ವಕೀಲ. ಇಬ್ಬರಲ್ಲ, ಹೆಂಡತಿಯನ್ನು ಬಿಟ್ಟು ಕಡಲು ದಾಟಿ, ಬೇರೆ ಹೆಸರಿನಲ್ಲಿ ಬಾಳಿದ ಒಬ್ಬನೇ ಗಂಡಸು ಅದು. ದೊಡ್ಡ ದೊಡ್ಡ ಪಂಡಿತರಿಗೆ ಕಾಣದ್ದು ಗುಮಾಸ್ತನ ಕಣ್ಣಿಗೆ ಬಿತ್ತು. ಮುಂದಿನ ಮುದ್ರಣದಲ್ಲಿ ತಿದ್ದುಪಡಿ ಬಂತು, ಸಂಕಪ್ಪನ ಹೆಸರು ಬರಲಿಲ್ಲ. ಆಗಿನ ಸಂಪಾದಕ ಆಲನ್ ಒಂದು ಕಾಗದ ಬರೆದು ಕೊಟ್ಟಿದ್ದ, 'ಇದು ನಿನ್ನದೇ ಕೆಲಸ' ಎಂದು. ಆಲನ್ ತೀರಿಹೋಗಿದ್ದ. ಕಾಗದವೂ ಇರಲಿಲ್ಲ. ಹತ್ತು ವರ್ಷ ದಾಟಿದ ಪತ್ರಗಳನ್ನೆಲ್ಲ ನಾಶಮಾಡಬೇಕು ಎಂಬ ನಿಯಮವನ್ನು ತಂದವನೂ ಸಂಕಪ್ಪ, ಕಳೆದ ವರ್ಷ ಆ ಕಡತವನ್ನು ಬಿಚ್ಚಿಯೂ ನೋಡದೆ ಕಾಗದ ಚೂರುಮಾಡುವ ಯಂತ್ರದ ಬಾಯಿಗೆ ಕೊಟ್ಟವನೂ ಅವನೇ. ಮಾಡಿದ್ದುಣ್ಣೋ ಮಹರಾಯ.

"ಸರ್, ಪ್ರೂಫ್ ಉಂಟಾ?" ಅಕ್ಷಿತಾ ಕೇಳಿದಳು. ಅವಳ ದನಿಯಲ್ಲಿ ಹಗೆ ಇರಲಿಲ್ಲ. ಹಗೆ ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

"ಆಲನ್ ಕಾರಿನಲ್ಲಿ ನನ್ನ ಭುಜ ತಟ್ಟಿ ಹೇಳಿದ್ದು ಕೂಡ ಉಂಟು. ಮೋನು ಗಾಡಿ ಬಿಡ್ತಾ ಇದ್ದ. ಅವನಿಗೆ ಗೊತ್ತುಂಟು."

ಅವಳು ಉಪ್ಪಿನಂಗಡಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಸಂಕಪ್ಪ ಮೇಜಿನ ಅಂಚು ಹಿಡಿದುಕೊಂಡು ನಿಂತ. ಜೀವಮಾನದಲ್ಲಿ ಮೊದಲ ಸಲ ಒಬ್ಬನ ಬಾಯಿಮಾತಿಗೆ ಅವನು ಕಾದದ್ದು.

"ನೆನಪುಂಟು," ಎಂದ ಮೋನು. "ಆಲನ್ ಸಾಹೇಬರು ಹೇಳಿದ್ದು ನನ್ನ ಕಿವಿಯಾರೆ ಕೇಳಿದ್ದೇನೆ. ಸಂಕಪ್ಪಣ್ಣನ ಕಣ್ಣಲ್ಲಿ ಆ ದಿನ ನೀರು ಬಂದಿತ್ತು."

ಸಂಕಪ್ಪನ ಜೀವ ತಿರುಗಿ ಬಂತು. "ಹಾಗಾದ್ರೆ ಅದನ್ನು ಬರೆಸಿ, ಸೈನ್ ಹಾಕಿ ಕಳಿಸ್ತಿಯಾ ಮೋನು?"

"ನನಗೆ ಅಕ್ಷರ ಬರುದಿಲ್ಲ, ನಿಮಗೆ ಗೊತ್ತುಂಟಲ್ಲ ಸಂಕಪ್ಪಣ್ಣ. ನನ್ನ ಹತ್ರ ಇರುವುದು ಬಾಯಿ ಒಂದೇ. ಅದು ನಡೆಯುದಿಲ್ಲ ಅಂತ ನೀವೇ ಹೇಳಿದ್ದು. ಖಲಾಸ್ ಅಲ್ವಾ?"

ಫೋನು ಕಟ್ಟಾಯಿತು. ಅಕ್ಷಿತಾ ಪರದೆಯ ಕಡೆ ತಿರುಗಿ, ಬರೆದಿಟ್ಟಿದ್ದ ಸಾಲನ್ನು ಅಳಿಸಿದಳು. "ನೀವೇ ಕಲಿಸಿದ್ದು ಸರ್," ಎಂದಳು, ತಗ್ಗಿದ ದನಿಯಲ್ಲಿ.

ಬೀಳ್ಕೊಡುಗೆಯ ದಿನ ಹೆಂಡತಿ ದಮಯಂತಿ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಇಪ್ಪತ್ತು ವರ್ಷ ದಾರ್ಸೈಟಿನ ಫ್ಲ್ಯಾಟಿನಲ್ಲಿ, ಅಡಿಗೆಯಾದ ಮೇಲೆ ಗಂಡನ ಕರಡನ್ನು ಗಟ್ಟಿಯಾಗಿ ಓದಿ ತಪ್ಪು ಹಿಡಿಯಲು ಕೂತವಳು ಅವಳು. ಈ ಫ್ರೇಮಿಗೆಂದು ಊರಿನ ಮನೆಯ ಚಾವಡಿಯಲ್ಲಿ ತಮ್ಮನಿಂದ ಮೊಳೆ ಹೊಡೆಸಿಟ್ಟಿದ್ದಳು. ಚಪ್ಪಾಳೆಯಾಯಿತು, ಕೇಕು ಆಯಿತು. ಟ್ಯಾಕ್ಸಿಯಲ್ಲಿ ಕೂತ ಮೇಲೆ ಅವಳು ಫ್ರೇಮಿಗೆ ಸುತ್ತಿದ್ದ ಕಾಗದ ಬಿಚ್ಚಿ ಓದಿದಳು. 'ಸಂಕಪ್ಪ. ಗುಮಾಸ್ತ. 1998–2024.'

"ಆ ಚಿತ್ರಗಾರನ ಸಂಗತಿ ಇಲ್ಲ?"

"ಸಾಕ್ಷಿ ಇಲ್ಲ."

"ನಾನುಂಟಲ್ಲ. ಆ ದಿನ ನೀವು ಚಪ್ಪಲಿ ಕಳಚದೆ ಒಳಗೆ ಬಂದು, ಆಲನ್ ಬರೆದ ಕಾಗದ ಓದಿ ಹೇಳಿದ್ದು ನನಗೆ. ನನ್ನನ್ನು ಒಂದು ಮಾತು ಕೇಳಬಹುದಿತ್ತು."

ಸಂಕಪ್ಪ ಕಿಟಕಿಯ ಹೊರಗೆ ನೋಡಿದ. ಬಾಯಿಗೆ ಬಂದದ್ದು ಹಳೆಯ ಪಾಠವೇ. "ನೀನು ಹೆಂಡತಿ. ಹೆಂಡತಿ ಹೇಳಿದ್ದು ನಡೆಯುದಿಲ್ಲ."

ದಮಯಂತಿ ಫ್ರೇಮನ್ನು ಮತ್ತೆ ಕಾಗದದಲ್ಲಿ ಸುತ್ತಿದಳು. ಟ್ಯಾಕ್ಸಿ ದಾರ್ಸೈಟ್ ತಲುಪಿತು. ಇಳಿಯುವ ಮೊದಲು ತಮ್ಮನಿಗೆ ಫೋನು ಮಾಡಿ, ಚಾವಡಿಯ ಮೊಳೆ ಕಿತ್ತುಬಿಡು ಎಂದಳು.

"ಯಾಕೆ ಅಕ್ಕ, ಫ್ರೇಮು ಕೊಡಲಿಲ್ವಾ?"

"ಕೊಟ್ಟಿದ್ದಾರೆ," ಎಂದಳು. "ನೇತುಹಾಕುವಂಥದ್ದು ಅದರಲ್ಲಿ ಏನಿಲ್ಲ."