ಟಗರಿನ ಹಿಂದೆ ಮಂಡಿಯೂರಿ

ಚಿಕ್ಕಬೋರಮ್ಮನಿಗೆ ವೀಡಿಯೊ ತೆಗೆಯುವುದನ್ನು ಕಲಿಸಿದ್ದು ಕುರಿಗಳು. ಬಂಡೂರು ಕುರಿ ಗಿಡ್ಡ. ನಿಂತು ತೆಗೆದರೆ ಬೆಕ್ಕಿನಷ್ಟೇ ಕಾಣುತ್ತದೆ. ಮೊದಲ ಸಲ ಮಾರಾಟಕ್ಕೆಂದು ಹಾಗೆ ತೆಗೆದು ಕಳಿಸಿದಾಗ ಕೊಳ್ಳುವವನೊಬ್ಬ, "ಮರಿ ಬ್ಯಾಡ ಕಣಮ್ಮ, ದೊಡ್ಡದ್ ತೋರ್ಸು" ಅಂದಿದ್ದ. ಆಮೇಲೆ ಅವಳು ಮಂಡಿಯೂರದೆ ಫೋನು ಎತ್ತಲಿಲ್ಲ. ನಡೆಯುತ್ತ ತೆಗೆಯುವಾಗ ತಲೆ ಮೇಲೆ ತುಂಬಿದ ಕೊಡವಿದೆ ಅಂದುಕೊಳ್ಳುವಳು, ಚಿತ್ರ ಅಲುಗದು.

ಇದನ್ನೇ ಊರಿನ ಹನ್ನೆರಡು ಹೆಂಗಸರಿಗೆ ಮಂಗಳವಾರ ಮಂಗಳವಾರ ಡೇರಿಯ ಹಿಂದಿನ ಕೋಣೆಯಲ್ಲಿ ಹೇಳಿಕೊಡುತ್ತಿದ್ದಳು. ಕೈ ನಡುಗಿಸಿದವರ ತಲೆಗೆ ನಿಜವಾದ ಕೊಡವೇ ಏರುತ್ತಿತ್ತು. ಮನೆಯಲ್ಲಿ ಪಾಠ ಅಂದರೆ ಗಂಡಂದಿರು ಕಳಿಸುವವರಲ್ಲ. ಡೇರಿ ಅಂದರೆ ಹಾಲು ಹಾಕುವ ನೆಪವಿತ್ತು. ಆ ಕೋಣೆ ಹೋದರೆ ಪಾಠವೂ ಹೋದಂತೆ.

ಡೇರಿ ಅಧ್ಯಕ್ಷ ಮಹದೇವಯ್ಯ ಅದಕ್ಕೇ ಕೈ ಹಾಕಿದ. ಅವನ ತಂಗಿ ಮಗ ಯತೀಶ್ ವೀಡಿಯೊ ಡಿಪ್ಲೊಮಾ ಮುಗಿಸಿ, ಮೂರು ಚೀಲ ಕ್ಯಾಮೆರಾ ಹೊತ್ತು ಬಂದಿದ್ದ.

"ಸರ್ಟಿಫಿಕೇಟ್ ಇಲ್ದೋರು ಕಲಿಸ್ಬಾರ್ದು. ಬೀಗದ್ ಕೈ ಕೊಡು, ರೂಮು ಯತೀಸಂಗೆ."

"ಎಮ್ಮೆ ಆಲು ಕರಿಯಕ್ಕೆ ನಿಂಗ್ಯಾವ ಸರ್ಟಿಫಿಕೇಟ್ ಐತೆ? ಚೌಡಣ್ಣ ಬಿತ್ತನೆ ಟಗರು ಮಾರ್ತಾವ್ನೆ. ನಾನೂ ಯತೀಸನೂ ಅದನ್ನ ತೆಗಿಯಾನ, ಮದ್ದೂರಿನ ಕುರಿ ಯಾಪಾರಿ ಕೆಂಪರಾಜುಗೆ ಕಳ್ಸಾನ. ಯಾರ್ದು ನೋಡಿ ಬತ್ತಾನೋ ಅವ್ರಿಗೆ ರೂಮು" ಎಂದಳು ಚಿಕ್ಕಬೋರಮ್ಮ. ಮಹದೇವಯ್ಯ ಒಪ್ಪಿದ.

ಯತೀಶ್ ಟಗರಿಗೆ ಚೆಂಡುಹೂವಿನ ಹಾರ ಹಾಕಿಸಿ, ಸಂಜೆ ಬಿಸಿಲಿನಲ್ಲಿ ಅದರ ಕಣ್ಣನ್ನೇ ಹತ್ತಿರದಿಂದ ಸೆರೆಹಿಡಿದು, ಕೊಳಲಿನ ದನಿ ಸೇರಿಸಿದ. ಅಷ್ಟರಲ್ಲಿ ಟಗರು ಅರ್ಧ ಹಾರ ತಿಂದಿತ್ತು.

ಚಿಕ್ಕಬೋರಮ್ಮ ಅದರ ಹಿಂದೆ ಮಂಡಿಯೂರಿದಳು.

"ಆಂಟಿ, ಮುಖ ಆ ಕಡೆ ಇದೆ" ಎಂದು ಯತೀಶ್ ನಕ್ಕ.

"ಗೊತ್ತು ಕಣಪ್ಪ. ನಾನೇನ್ ಮದ್ವೆಗೆ ಗಂಡು ನೋಡಕ್ ಬಂದಿಲ್ಲ."

ಬಂಡೂರು ಕುರಿಯನ್ನು ಬಲ್ಲವರು ಹಿಂದಿನಿಂದಲೇ ಅಳೆಯುತ್ತಾರೆ. ತೊಡೆ ಕಮಾನಿನಂತೆ ಅಗಲವಿರಬೇಕು, ಕೈಯೂರಿದರೆ ಬೆನ್ನು ಬಗ್ಗಬಾರದು. ಚೌಡಣ್ಣ ಬೆನ್ನು ಒತ್ತಿ ಹಿಡಿದ. ಟಗರು ಅದೇ ಹೊತ್ತಿಗೆ ಹಿಕ್ಕೆ ಉದುರಿಸಿತು. ಅವಳು ವೀಡಿಯೊದಿಂದ ಅದನ್ನೂ ಕತ್ತರಿಸಲಿಲ್ಲ.

ಕೆಂಪರಾಜುವಿನ ಮಾತು ಫೋನಿಗೆ ಬಂತು. ಯತೀಶನದಕ್ಕೆ: "ಯಾರ್ದ್ಲಾ ಇದು ಮದ್ವೆ ವೀಡಿಯೊ? ತಪ್ಪಾಗಿ ನಂಗ್ ಕಳ್ಸಿದ್ದೀರಾ." ಚಿಕ್ಕಬೋರಮ್ಮನದಕ್ಕೆ: "ಇಕ್ಕೆ ಗಟ್ಟಿಯಾಗೈತೆ, ಒಟ್ಟೆ ಸರಿಯಾಗೈತೆ. ಯಾರ್ಗೂ ಕೊಡ್ಬ್ಯಾಡಿ, ನಾಳೆ ಬತ್ತೀನಿ."

ಬೀಗದ ಕೈ ಅವಳ ಸೆರಗಿನಲ್ಲೇ ಉಳಿಯಿತು. ಮುಂದಿನ ಮಂಗಳವಾರ ಯತೀಶನೂ ಬಂದು ಕೂತ. ಅವನ ತಲೆಗೂ ಕೊಡ ಏರಿತು. ಅವನ ಹಿಂದೆಯೇ ಬಂದ ಮಹದೇವಯ್ಯ ಹಲ್ಲು ಕಿರಿದ.

"ಡೇರಿ ಎಲೆಕ್ಸನ್ ಬತ್ತೈತೆ. ನಂದೂ ಒಂದ್ ತೆಗಿ. ಮುಂದ್ಗಡೆಯಿಂದ ಮಾತ್ರ ಕಣಮ್ಮ."

"ಮುಂದ್ಗಡೆ ನೋಡೇ ಅಲ್ವಾ, ಓದ್ಸಲ ಓಟ್ ಆಕಿ ಕೆಟ್ಟಿದ್ದು?" ಎಂದು ಚಿಕ್ಕಬೋರಮ್ಮ ಅವನ ಬೆನ್ನ ಹಿಂದೆ ನಡೆದು ಮಂಡಿಯೂರಿದಳು.