ಅಣ್ಣನ ಲಾರಿಗೆ ಹಿಂದಿನ ಲೈಟು

ಕಳೆದ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ, ಕೊಟ್ಟೂರಿನಲ್ಲಿ ನಮ್ಮಣ್ಣನ ಮನೆಯ ಪಡಸಾಲೆ. ಹಾಜರಿದ್ದವರು: ಅಣ್ಣ ಚನ್ನಬಸಪ್ಪ, ಅತ್ತಿಗೆ ಗಂಗಮ್ಮ, ನಾನು ಮತ್ತು ಮೊಳದುದ್ದದ ಒಂದು ಲಾರಿ.

(ಹೀಗೆ ಬರೆಯುವುದು ನನ್ನ ಚಾಳಿ. ನರ್ಸ್ ಕೆಲಸದಿಂದ ನಿವೃತ್ತಳಾದರೂ ಡ್ಯೂಟಿ ರಿಪೋರ್ಟ್ ಬಿಟ್ಟಿಲ್ಲ. ಈ ಅಂಕಣ ಓದುವ ನಿಮಗೆ ಇದು ಹೊಸದೇನಲ್ಲ.)

ಲಾರಿ ರಿಮೋಟಿನದು. ಆನ್‌ಲೈನ್‌ನಲ್ಲಿ ತರಿಸಿದೆ. ಬಂದಾಗ ಅದಕ್ಕೆ ಯಾವುದೋ ಪರದೇಶದ ಮೂತಿ ಇತ್ತು. ಅಣ್ಣ ಒಂದು ಸಲ ನೋಡಿ, "ಇದರ ಮಾರಿ ನೋಡಿದರ ನಮ್ಮ ಘಾಟ್ ಹತ್ತಂಗಿಲ್ಲ" ಎಂದು ತೀರ್ಪು ಕೊಟ್ಟ. ಸರಿ, ಮೂತಿ ಕಿತ್ತೆ. ಮಕ್ಕಳ ಶಾಲೆಯ ಪ್ರಾಜೆಕ್ಟಿಗೆ ಬಳಸುವ, ರಟ್ಟಿನಂಥ ಫೋಮ್ ಶೀಟ್ ತಂದು, ಸರ್ಜಿಕಲ್ ಬ್ಲೇಡಿನಲ್ಲಿ ಕತ್ತರಿಸಿ, ಅಂಟಿಸಿ, ಬಣ್ಣ ಬಳಿದು ನಮ್ಮ ಕಡೆಯ ಲಾರಿ ಕಟ್ಟಿದೆ. ಹಣೆಯ ಮೇಲೆ ಉಜ್ಜಿನಿ ಮರುಳಸಿದ್ದೇಶ್ವರನ ಹೆಸರು. ಅಣ್ಣನ ಹಳೆಯ ಲಾರಿಗೂ ಅದೇ ಹೆಸರಿತ್ತು.

ಅರವತ್ತು ದಾಟಿದ ಹೆಂಗಸಿಗೆ ಇದೆಂಥ ಆಟ ಎನ್ನುತ್ತೀರಾ? ಆಟವಲ್ಲ, ಚಿಕಿತ್ಸೆ.

ಅಣ್ಣನಿಗೆ ಕಳೆದ ವರ್ಷ ಲಕ್ವ ಹೊಡೆಯಿತು. ಕಾಲು ಸುಧಾರಿಸಿತು, ಮಾತು ಪೂರಾ ವಾಪಸ್ಸು ಬಂತು (ಬೈಗುಳ ಮೊದಲು ಬಂತು). ಎಡಗೈ ಮಾತ್ರ ಮಡಿಲಲ್ಲಿ ಬಿದ್ದುಕೊಂಡಿತು. ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: ಕೈಯಲ್ಲಿ ಇನ್ನೂ ಶಕ್ತಿ ಇದೆ, ಬಳಸದಿದ್ದರೆ ಇರುವುದೂ ಹೋಗುತ್ತದೆ. ಹಿಚುಕಲು ರಬ್ಬರ್ ಚೆಂಡು ಕೊಟ್ಟರೆ, "ನಾನೇನು ಕೂಸೇನ್ಲೇ?" ಎಂದು ಅಂಗಳಕ್ಕೆ ಎಸೆದ. ಬಲಗೈಯಿಂದಲೇ ಎಸೆದ, ಅದು ಬೇರೆ ಮಾತು.

ರಿಮೋಟಿನಲ್ಲಿ ಎರಡು ಕಡ್ಡಿಗಳಿರುತ್ತವೆ. ಎಡಗಡೆಯದು ಮುಂದಕ್ಕೆ, ಹಿಂದಕ್ಕೆ. ಬಲಗಡೆಯದು ಸ್ಟೀರಿಂಗ್. ಜೀವನವೆಲ್ಲ ಎಡಗೈಯಲ್ಲಿ ಗೇರು ಹಾಕಿದ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಔಷಧಿ ಎಲ್ಲಿ ಸಿಗಬೇಕು? ಲೆಕ್ಕಾಚಾರವೇನೋ ಚೆನ್ನಾಗಿತ್ತು. ಅಣ್ಣ ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕಡ್ಡಿಗಳನ್ನು ಬಲಗೈಯಲ್ಲೇ ಆಡಿಸಿದ! ಒಮ್ಮೆ ಮುಂದಕ್ಕೆ, ನಿಲ್ಲಿಸಿ ತಿರುವು, ಮತ್ತೆ ಮುಂದಕ್ಕೆ. ಅದೂ ಪಡಸಾಲೆಯೊಳಗೆ, ಬಾಗಿಲು ಹಾಕಿಕೊಂಡು. ಎರಡು ದಿನಕ್ಕೆ ಬೇಸರವಾಯಿತು.

"ಹೊರಗ ಓಣಿಯಾಗ ಬಿಡಣ್ಣ" ಎಂದೆ.

"ಹಗಲಾಗ ಬಿಟ್ಟರ ಓಣಿ ಮಂದಿ ನಗ್ತಾರ. ಕತ್ತಲಾದ ಮ್ಯಾಲ ಬಿಡೋಣಂದ್ರ ಲೈಟಿಲ್ಲ. ಲೈಟಿಲ್ಲದ ಗಾಡಿ ನಾನು ರೋಡಿಗೆ ಇಳಿಸಂಗಿಲ್ಲ."

ಹೀಗೆ ಬಂತು ನೋಡಿ ಭಾನುವಾರದ ಕಾರ್ಯಕ್ರಮ. ಲೈಟು ಹತ್ತಿದರೆ ಅಣ್ಣ ಹೊಸ್ತಿಲು ದಾಟುತ್ತಾನೆ. ದಾಟಿದರೆ ಎಂದೋ ಒಂದು ದಿನ ಎಡಗೈ ಎದ್ದೀತು. ನನ್ನ ಆಸೆ ಇಷ್ಟೇ.

ಹಗರಿಬೊಮ್ಮನಹಳ್ಳಿಯ ಟಿವಿ ರಿಪೇರಿ ಅಂಗಡಿಯಿಂದ ಸಾಮಾನು ತಂದಿದ್ದೆ. ಮುಂದಕ್ಕೆ ಎರಡು ಬಿಳಿ ಎಲ್‌ಇಡಿ, ನೆತ್ತಿಗೆ ಎರಡು ಹಸಿರು, ಹಿಂದಕ್ಕೆ ಎರಡು ಕೆಂಪು. ಒಂದೊಂದಕ್ಕೂ ಒಂದು ರೆಸಿಸ್ಟರ್. ಅದಿಲ್ಲದಿದ್ದರೆ ಎಲ್‌ಇಡಿ ಒಮ್ಮೆ ಫಳ್ ಎಂದು ಸುಟ್ಟುಹೋಗುತ್ತದೆ. ಎಲ್ಲವನ್ನೂ ಸ್ಟೀಲ್ ಟ್ರೇನಲ್ಲಿ ಜೋಡಿಸಿಟ್ಟೆ. ಆಪರೇಷನ್ ಥಿಯೇಟರಿನಲ್ಲಿ ಇಡುವ ಹಾಗೆ.

"ಮೊದಲು ಹಿಂದಿನ ಲೈಟು ಹಾಕು" ಎಂದ ಅಣ್ಣ ಕುರ್ಚಿಯಲ್ಲಿ ಕುಳಿತೇ. "ಮುಂದಿಂದು ಇಲ್ಲಂದ್ರೂ ನಿಧಾನ ಹೊಕ್ಕೀವಿ. ಹಿಂದ ಬರಾವಗ ನಾವು ಕಾಣಬೇಕಲ್ಲ?"

ಈ ಮಾತಿಗೆ ನಾನು ಎದುರಾಡಲಿಲ್ಲ. ಹಿಂದೆ ಒಂದು ಕೆಂಪು ಚುಕ್ಕೆಯೂ ಇಲ್ಲದೆ ಮೆಕ್ಕೆಜೋಳ ಹೇರಿಕೊಂಡು ಹೋಗುವ ಟ್ರ್ಯಾಕ್ಟರ್ ಟ್ರೇಲರ್‌ಗಳನ್ನು ಕೂಡ್ಲಿಗಿ ರಸ್ತೆಯಲ್ಲಿ ನೀವೂ ನೋಡಿದ್ದೀರಿ. ಅವಕ್ಕೆ ಗುದ್ದಿದ ಬೈಕಿನ ಹುಡುಗರಿಗೆ ಹೊಲಿಗೆ ಹಾಕುವಾಗ ಡಾಕ್ಟರ ಪಕ್ಕ ನಿಂತವಳು ನಾನು. ರೇಡಿಯೇಟರಿಗೆ ಹೂವಿನ ಹಾರ ಹಾಕಲು ಮರೆಯದವರಿಗೆ ಹಿಂದಿನ ಬಲ್ಬು ಯಾಕೆ ನೆನಪಾಗುವುದಿಲ್ಲ?

ಇರಲಿ. ವೈರಿಂಗಿಗೆ ಬರೋಣ.

ಎಲ್‌ಇಡಿಗೆ ಎರಡು ಕಾಲು. ಹಾಗಾಗಿ ಎರಡು ವೈರ್ ಎಂದು ನಾನು ಮೊಬೈಲಿನಲ್ಲಿ ನೋಡಿ ತಿಳಿದುಕೊಂಡಿದ್ದೆ. ಅಣ್ಣ ತಡೆದ.

"ಎರಡ್ಯಾಕ ಬೇಕು? ಲಾರಿಗೆ ಒಂದೇ ವೈರ್. ಇನ್ನೊಂದು ಕಾಲು ಗಾಡಿ ಬಾಡಿಗೆ ಬಿಗಿ. ಕರೆಂಟು ಬಾಡಿಯಿಂದ ವಾಪಸ್ ಬರ್ತೈತಿ. ಬಾಡಿ ಅರ್ತ್ ಅಂತಾರ ಅದಕ್ಕ."

"ಖರೇ ಏನಣ್ಣ?"

"ಲೇ ಪಾರಿ, ಶಿರಾಡಿ ಘಾಟಿನಾಗ ಮಳಿಯೊಳಗ ನಿಂತು ವೈರ್ ಕಟ್ಟಿದಾವ ನಾನು. ನನಗ ವೈರಿಂಗ್ ಕಲಸ್ತಿ?"

ಆಸ್ಪತ್ರೆಯಲ್ಲಿ ನಾನು ಕಲಿತ ಶಿಸ್ತು ಒಂದೇ. ಹಿರಿಯರು ಹೇಳಿದರೆ ಒಂದು ಸಲ ಕೇಳು, ಆಮೇಲೆ ಮಾಡು. ಕೇಳಿಯಾಗಿತ್ತು. ಮಾಡಿದೆ. ಆರು ಎಲ್‌ಇಡಿಗಳಿಗೂ ಒಂದೊಂದೇ ವೈರ್ ಬೆಸುಗೆ ಹಾಕಿ, ಇನ್ನೊಂದು ಕಾಲನ್ನು ಸಣ್ಣ ಸ್ಕ್ರೂನಿಂದ ಬಾಡಿಗೆ ಬಿಗಿದೆ. ಬ್ಯಾಟರಿಯ ಕಪ್ಪು ವೈರನ್ನೂ ಬಾಡಿಗೇ ಬಿಗಿದೆ. ಸ್ವಿಚ್ ಒತ್ತಿದೆ.

ಕತ್ತಲೆ.

ಬ್ಯಾಟರಿ ತೆಗೆದು ಹಾಕಿದೆವು. ಸ್ವಿಚ್ ಬದಲಿಸಿದೆವು. ಅಣ್ಣ ಅಂಗಡಿಯವನನ್ನು ಬೈದ, ಅಂಗಡಿಯವನಿಗೆ ಮಾಲು ಕೊಟ್ಟ ದೇಶವನ್ನು ಬೈದ. ಮಧ್ಯಾಹ್ನದ ಊಟವೂ ಮುಗಿಯಿತು. ಮೂರು ಗಂಟೆಗೆ ಅಣ್ಣನ ಮುಖ ಬಾಡತೊಡಗಿತು. "ಬಿಡು. ನನ್ನಂಗ ಅದಕ್ಕೂ ಲಕ್ವ ಹೊಡದೈತಿ" ಎಂದು ಮುಖ ಗೋಡೆಗೆ ತಿರುಗಿಸಿದ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಇವತ್ತು ಕೈಬಿಟ್ಟರೆ ಅವನು ಮತ್ತೆ ಆ ಲಾರಿಯನ್ನು ಮುಟ್ಟುವುದಿಲ್ಲ.

ಆಗ ಮಿರ್ಚಿ ಕರಿಯಲು ಹಿಟ್ಟು ಕಲಸುತ್ತಿದ್ದ ಅತ್ತಿಗೆ ಅದೇ ಕೈಯಲ್ಲಿ ಬಂದು ಬಗ್ಗಿ ನೋಡಿದರು.

"ಅಲ್ರಿ, ನಿಮ್ಮ ಲಾರಿ ಬಾಡಿ ತಗಡಿಂದಿತ್ತು. ಇದು ರಟ್ಟು. ರಟ್ಟಿನಾಗೂ ಕರೆಂಟು ಹರಿತೈತೇನ್ರಿ?"

ನಾನು ಅಣ್ಣನನ್ನು ನೋಡಿದೆ. ಅಣ್ಣ ಲಾರಿಯನ್ನು ನೋಡಿದ. ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕ. ಕಣ್ಣಲ್ಲಿ ನೀರು ಬಂತು.

"ಇಷ್ಟು ವರ್ಷ ಲಾರಿ ಓಡಿಸಿದಾವ ನಾನೋ ಇಕಿನೋ?"

"ನಾನು ನಿಮ್ಮನ್ನ ಓಡಿಸೀನಿ. ಅದು ಲಾರಿಗಿಂತ ಕಷ್ಟ" ಎಂದು ಅತ್ತಿಗೆ ಒಲೆಯ ಕಡೆ ನಡೆದರು.

ಈಗ ಆರೂ ಎಲ್‌ಇಡಿಗಳಿಗೆ ಎರಡನೆಯ ವೈರ್ ಹಾಕಬೇಕು. ನನ್ನ ಬಲಗೈಯಲ್ಲಿ ಸೋಲ್ಡರಿಂಗ್ ಐರನ್, ಎಡಗೈಯಲ್ಲಿ ಸೀಸದ ತಂತಿ. ವೈರನ್ನು ಎಲ್‌ಇಡಿಯ ಕಾಲಿಗೆ ಒತ್ತಿ ಹಿಡಿಯುವವರು ಯಾರು? ಅತ್ತಿಗೆಯ ಕೈ ತುಂಬ ಹಿಟ್ಟು. ಅಣ್ಣನ ಬಲಗೈ ಲಾರಿ ಅಲುಗದಂತೆ ಹಿಡಿದುಕೊಂಡಿದೆ.

"ವೈರ್ ಹಿಡಿಯಣ್ಣ, ಐರನ್ ಕಾಯ್ದೈತಿ" ಎಂದೆ. ಅವಸರದ ದನಿಯಲ್ಲೇ ಎಂದೆ. ಯೋಚನೆಗೆ ಸಮಯ ಕೊಡಬಾರದು.

ಎಡಗೈ ಮಡಿಲಿನಿಂದ ಎದ್ದಿತು. ನಡುಗುತ್ತ ಬಂತು. ಹೆಬ್ಬೆರಳು, ತೋರುಬೆರಳು ಸೇರಿ ವೈರ್ ಹಿಡಿದವು. ಜಾರಿತು. "ಹರಾಮಿ ವೈರ್" ಎಂದು ಬೈದು ಮತ್ತೆ ಹಿಡಿದ. ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಬಾಯಿ ತೆರೆದರು. ನಾನು ಕಣ್ಣಲ್ಲೇ ಗದರಿದೆ. ಬಾಯಿ ಮುಚ್ಚಿಕೊಂಡರು. ಹೊಗಳಿದ್ದರೆ ಆ ಕೈ ನಾಚಿ ಮತ್ತೆ ಮಡಿಲು ಸೇರುತ್ತಿತ್ತು.

ನಮ್ಮ ಮನೆಗಳಲ್ಲಿ ರೋಗಿಗೆ ಪ್ರೀತಿ ತೋರಿಸುವುದೆಂದರೆ ಏನು ಹೇಳಿ? ಅವನ ಅಂಗಿಯ ಗುಂಡಿ ನಾವು ಹಾಕುವುದು, ಅವನ ತುತ್ತು ನಾವು ಕಲಸುವುದು, ಅವನ ಕೆಲಸವನ್ನೆಲ್ಲ ಕಸಿದುಕೊಂಡು "ನೀವು ಸುಮ್ನ ಕುಂದರ್ರಿ" ಎನ್ನುವುದು. ಅತ್ತಿಗೆ ವರ್ಷದಿಂದ ಮಾಡಿದ್ದು ಅದನ್ನೇ. ಪಾಪ, ಮನಸ್ಸು ತುಂಬಿ ಮಾಡಿದ್ದಾರೆ. ಕೆಲಸ ಕಳೆದುಕೊಂಡ ಕೈ ಮಲಗದೆ ಇನ್ನೇನು ಮಾಡೀತು?

ಸಂಜೆ ಆರೂವರೆ. ಸ್ವಿಚ್ ಒತ್ತಿದೆ. ಹಿಂದೆ ಎರಡು ಕೆಂಪು, ಮುಂದೆ ಎರಡು ಬಿಳಿ, ನೆತ್ತಿಯಲ್ಲಿ ಹಸಿರು. ಅಣ್ಣ ಎದ್ದು, ಕೋಲೂರಿ, ಹೊಸ್ತಿಲು ದಾಟಿ ಕಟ್ಟೆಯ ಮೇಲೆ ಕುಳಿತ.

ಓಣಿಯಲ್ಲಿ ಲಾರಿ ಹೊರಟಿತು. ಎದುರುಮನೆಯ ಕೊಟ್ರೇಶಿ ಬೈಕ್ ನಿಲ್ಲಿಸಿ ಕೇಳಿದ, "ಲೋಡ್ ಎಲ್ಲಿಗ್ರಿ, ಚನ್ನಬಸಣ್ಣ?"

"ಉಳ್ಳಾಗಡ್ಡಿ ಐತಪಾ, ಬೆಂಗಳೂರಿಗೆ. ದಾರಿ ಬಿಡು, ಬೈಕ್ ಅತ್ಲಾಗ ಸರಸು."

ಯಾರೂ ನಗಲಿಲ್ಲ. ಕೊಟ್ರೇಶಿ ಗಂಭೀರವಾಗಿ ಬೈಕ್ ಸರಿಸಿದ.

ಹೋಗುವಾಗ ಎಲ್ಲ ಸರಿಯಿತ್ತು, ಬಲಗೈಯೊಂದರಲ್ಲೇ. ವಾಪಸ್ಸು ಬಂದು ಗೇಟಿನೊಳಗೆ ರಿವರ್ಸ್ ತೆಗೆದುಕೊಳ್ಳಬೇಕಾಯಿತು. ಹಿಂದಕ್ಕೆ ಚಲಿಸುತ್ತಲೇ ತಿರುಗಿಸಬೇಕು. ಒಂದು ಕೈಗೆ ಅದು ಆಗದ ಕೆಲಸ. ಒಮ್ಮೆ ಕಂಬಕ್ಕೆ ತಾಗಿತು, ಮತ್ತೊಮ್ಮೆ ಚರಂಡಿಯ ಅಂಚಿಗೆ ಹೋಯಿತು. ಮೂರನೆಯ ಸಲ ಅಣ್ಣನ ಎಡ ಹೆಬ್ಬೆರಳು ಕಡ್ಡಿಯ ಮೇಲೆ ಬಂದು ಕುಳಿತಿತು. ಕೆಂಪು ದೀಪಗಳು ನಿಧಾನಕ್ಕೆ ಓರೆಯಾಗಿ, ನೆಟ್ಟಗಾಗಿ, ಗೇಟಿನೊಳಗೆ ಬಂದು ನಿಂತವು.

"ಬಂತಲ್ಲ" ಎಂದಷ್ಟೇ ಅಂದ.

ಮಿರ್ಚಿ ಮಂಡಕ್ಕಿ ತಿಂದೆವು. ಐರನ್ ತಣ್ಣಗಾಗಿತ್ತು, ಒರೆಸಿ ಇಟ್ಟೆ. ಟ್ರೇ ತೊಳೆದೆ. ದಿನದ ಕೊನೆಯ ಕೆಲಸ ಬ್ಯಾಟರಿ ಚಾರ್ಜಿಗೆ ಹಾಕುವುದು. ಅದರ ಪಿನ್ ಬಲು ಬಿಗಿ. ಒಂದು ಕೈಯಲ್ಲಿ ಬ್ಯಾಟರಿಯ ತುದಿ, ಇನ್ನೊಂದರಲ್ಲಿ ಚಾರ್ಜರಿನ ತುದಿ ಹಿಡಿದು ಒತ್ತಬೇಕು. ಅಣ್ಣ ಎರಡನ್ನೂ ಎತ್ತಿಕೊಂಡ. ಅತ್ತಿಗೆ ಏಳಹೊರಟರು. ನಾನು ಅವರ ಸೆರಗು ಹಿಡಿದು ಕೂರಿಸಿದೆ. ಪಿನ್ ತಪ್ಪಿತು, ಮತ್ತೆ ತಪ್ಪಿತು, ಆಮೇಲೆ ಟಕ್ ಎಂದು ಕೂಡಿತು. ಚಾರ್ಜರಿನ ದೀಪ ಹತ್ತಿತು.

ಕೈಕಟ್ಟಿ ಕೂರುವುದು ಇಷ್ಟು ಕಷ್ಟದ ಡ್ಯೂಟಿ ಎಂದು ನನಗೆ ಯಾರಾದರೂ ಮೊದಲೇ ಹೇಳಬಾರದಿತ್ತೇ?