ಮುತ್ತಜ್ಜನ ಪಕ್ಕದ ಕಲ್ಲು

ಅಮೆರಿಕದ ಮಿಲ್ ಕ್ರೀಕ್‌ನಲ್ಲಿ ಅಕ್ಕನ ಪಕ್ಕದ ಮನೆಯವರು ಕ್ಯಾರಲ್. ಇವತ್ತು ನಮ್ಮಿಬ್ಬರನ್ನು ಒಂದು ಹಳ್ಳಿಯ ಸ್ಮಶಾನಕ್ಕೆ ಕರೆದೊಯ್ದಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಊರಿಗೆ ಬಂದು ಬೇಸಾಯ ಮಾಡಿದ ಅವರ ಮುತ್ತಜ್ಜನ ಸಮಾಧಿ ಅಲ್ಲಿದೆ. ಆತನ ತಂದೆ ಯಾರೆಂಬುದು ಮಾತ್ರ ವರ್ಷಗಟ್ಟಲೆ ಹುಡುಕಿದರೂ ಅವರಿಗೆ ಸಿಕ್ಕಿಲ್ಲ.

ಮುತ್ತಜ್ಜನ ಹಿರಿಯ ಮಗನ ಹೆಸರೇನೆಂದು ಅಕ್ಕ ಕೇಳಿದಳು. ಸೈಲಸ್, ನನ್ನ ತಾತ, ಎಂದರು ಕ್ಯಾರಲ್.

ಅಕ್ಕ ನನ್ನ ಕಡೆ ತಿರುಗಿದಳು. "ಹಾಗಾದ್ರೆ ಮುತ್ತಜ್ಜನ ಅಪ್ಪನೂ ಸೈಲಸ್ಸೇ ಕಣೇ. ಮೊದಲನೇ ಮೊಮ್ಮಗನಿಗೆ ತಾತನ ಹೆಸರು ತಾನೇ ಇಡೋದು?"

"ಇವರೇನು ಮಂಡ್ಯದೋರಾ, ಅಕ್ಕಾ?" ಎಂದೆ.

ಆದರೂ ಅವಳು ಅದನ್ನೇ ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು. ಕ್ಯಾರಲ್ ನಗದೆ ಪಕ್ಕಕ್ಕೆ ತಿರುಗಿ ನೋಡಿದರು. ಮುತ್ತಜ್ಜನ ಸಮಾಧಿಯ ಪಕ್ಕದಲ್ಲಿ ಪಾಚಿ ಮುಚ್ಚಿದ ಮುರುಕು ಕಲ್ಲೊಂದಿತ್ತು. ಬೇರೆ ಯಾರದೋ ಎಂದು ಅವರು ಅದನ್ನು ಎಂದೂ ಮುಟ್ಟಿರಲಿಲ್ಲ. ಮೂವರೂ ಕೂತು ಬಾಟಲಿಯ ನೀರು ಸುರಿದು ಮೆಲ್ಲಗೆ ಉಜ್ಜಿದೆವು. ಸೈಲಸ್ ಎಂಬ ಅಕ್ಷರಗಳು ಕಂಡವು. ಮನೆತನದ ಹೆಸರಿದ್ದ ತುಂಡು ಒಡೆದು ಹೋಗಿತ್ತು.

ಇದನ್ನು ಕಾರಿನಲ್ಲೇ ಬರೆಯುತ್ತಿದ್ದೇನೆ. ತಡವಾದರೆ ನನ್ನ ನೆನಪು ಆ ಒಡೆದ ತುಂಡನ್ನೂ ಜೋಡಿಸಿಬಿಡುತ್ತದೆ. ಬರಿಯ ಹೆಸರು ಪುರಾವೆಯಲ್ಲ ಎಂದು ಅಲ್ಲೇ ಹೇಳಿದೆ. ಕ್ಯಾರಲ್ ಹೌದೆಂದು ತಲೆಯಾಡಿಸುತ್ತಲೇ ತಂದಿದ್ದ ಡೇಲಿಯಾ ಹೂಗಳಲ್ಲಿ ಅರ್ಧವನ್ನು ಆ ಕಲ್ಲಿನ ಮುಂದಿಟ್ಟರು.

"ಈತ ನಿಮ್ಮ ಮುತ್ತಜ್ಜನ ಅಪ್ಪ ಅಲ್ಲದಿದ್ದರೆ?" ಎಂದೆ.

"ಅಲ್ಲದಿದ್ದರೆ ಏನಂತೆ? ಇಷ್ಟು ವರ್ಷ ನಮ್ಮ ಮುತ್ತಜ್ಜನಿಗೆ ಜೊತೆಯಾಗಿ ಮಲಗಿದ್ದಾನಲ್ಲ" ಎಂದರು.